ಬ್ಯಾಕಪ್ ವಿಎಂನ ಹಳೇ ಟೂಲ್ಸ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗ್ ಆಫೀಸಿನ ಬ್ಯಾಕಪ್ ಅಪ್ಲಯನ್ಸ್‌ನಲ್ಲಿ (ಕಂಪನಿಯವರು ಸಿದ್ಧಪಡಿಸಿ ಕೊಟ್ಟ ವಿಎಂ, ಅಂದರೆ ವರ್ಚುವಲ್ ಮೆಷೀನ್) ವಿಎಂವೇರ್ ಟೂಲ್ಸ್ ಎಂಬ ಸಹಾಯಕ ಸಾಫ್ಟ್‌ವೇರ್ ಹಳೆಯದಾಗಿದೆ ಎಂದು ವಿಎಂಗಳನ್ನು ನಿರ್ವಹಿಸುವ ವಿಸೆಂಟರ್ ತೋರಿಸುತ್ತಿದೆ. ಗಾಬರಿ ಬೇಡ, ಬ್ಯಾಕಪ್ ನಡೆಯುತ್ತಲೇ ಇದೆ. ಆದರೆ ಪಕ್ಕದಲ್ಲೇ ಕಾಣುವ ಅಪ್‌ಗ್ರೇಡ್ ಬಟನ್ ಯಾರೂ ಒತ್ತಬೇಡಿ. ಈ ಟೂಲ್ಸ್ ಅಪ್ಲಯನ್ಸ್ ಕಂಪನಿಯವರೇ ಹಾಕಿಕೊಟ್ಟದ್ದು, ಅವರ ಅಪ್‌ಡೇಟ್ ಜೊತೆಗೇ ಬದಲಾಗಬೇಕು. ನಾವು ಬೇರೆ ಪ್ಯಾಕೇಜ್ ತುರುಕಿದರೆ ನಾಳೆ ಸಪೋರ್ಟ್‌ನವರು ಕೈ ಎತ್ತಿಬಿಡುತ್ತಾರೆ, ಅಲ್ವಾ?

ಶನಿವಾರ ಸಂಜೆ ಬ್ಯಾಕಪ್ ಜಾಬ್‌ಗಳೆಲ್ಲ ಮುಗಿದ ಮೇಲೆ ಕಂಪನಿಯವರ ಅಪ್‌ಡೇಟ್ ಹಾಕುತ್ತೇವೆ. ಮೊದಲು ಕಾನ್ಫಿಗರೇಶನ್ ಬ್ಯಾಕಪ್, ಆಮೇಲೆ ಸ್ನ್ಯಾಪ್‌ಶಾಟ್ (ಎಡವಟ್ಟಾದರೆ ಹಿಂದಿರುಗಲು ವಿಎಂನ ಆ ಕ್ಷಣದ ಸ್ಥಿತಿ ಉಳಿಸಿಡುವುದು). ಕೆಲಸ ಸರಿಯಾದ ಕೂಡಲೇ ಸ್ನ್ಯಾಪ್‌ಶಾಟ್ ಅಳಿಸಿ. ಸುಮ್ನೆ ಬಿಟ್ಟರೆ ಅದು ಬೆಳೆಯುತ್ತಾ ಡೇಟಾಸ್ಟೋರ್ (ವಿಎಂ ಫೈಲ್‌ಗಳಿರುವ ಜಾಗ) ತುಂಬಿಹೋಗಬಹುದು. ಹೊಸ ಆವೃತ್ತಿಯಲ್ಲಿ ಓಪನ್-ವಿಎಂ-ಟೂಲ್ಸ್ (ವಿಎಂವೇರ್ ಟೂಲ್ಸ್‌ನ ಓಪನ್ ಸೋರ್ಸ್ ರೂಪ) ಇರುವುದರಿಂದ ವಿಸೆಂಟರ್‌ನಲ್ಲಿ ‘ಗೆಸ್ಟ್ ಮ್ಯಾನೇಜ್ಡ್’, ಅಂದರೆ ಟೂಲ್ಸ್ ನಿರ್ವಹಣೆ ವಿಎಂ ಒಳಗಿನಿಂದಲೇ, ಎಂದು ಕಾಣಿಸುತ್ತದೆ. ಅದು ದೋಷವಲ್ಲ. ವಿಜಯಪುರ ಶಾಖೆಯವರು ಆ ಹೊತ್ತಿನಲ್ಲಿ ರಿಸ್ಟೋರ್ ಶುರು ಮಾಡಬೇಡಿ, ದಯವಿಟ್ಟು.