ಗರ್ಭಕೋಶ ತೆಗೆಸುವ ಮುಂಚೆ, ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ‘ಡಾಕ್ಟರು ನನ್ನ ಹೆಂಡತಿಯ ಗರ್ಭಕೋಶ ತೆಗೆಸಿಬಿಡಿ ಅಂತಿದ್ದಾರೆ. ಮಕ್ಕಳಾಗಿ ಆಯ್ತಲ್ಲ, ಇನ್ಯಾಕೆ ಅದು ಅಂತ ಅಮ್ಮನೂ ಹೇಳ್ತಿದ್ದಾಳೆ. ಏನು ಮಾಡಲಿ?’ ಎಂದು ಕೇಳಿದ್ದೀಯ. ಅವಸರ ಮಾಡಬೇಡ. ಆಪರೇಷನ್‌ಗೆ ಒಪ್ಪುವ ಮುಂಚೆ ಇನ್ನೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಬನ್ನಿ. ನಿನ್ನ ಹಾಗೆ ಕೇಳುವವರು ಬಹಳ ಜನ ಇದ್ದಾರೆ. ಅದಕ್ಕೇ ನಿಮ್ಮಿಬ್ಬರನ್ನೂ ಕೇಳಿಕೊಂಡು, ಹೆಸರು ಊರು ಬಿಟ್ಟು, ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ನೀನು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡು. ಅವಳಿಗೆ 45. ಒಂದು ಸಲ 20 ದಿನಕ್ಕೇ ಮುಟ್ಟಾಗುತ್ತಾಳೆ, ಇನ್ನೊಂದು ಸಲ ಎರಡು ತಿಂಗಳಾದರೂ ಇಲ್ಲ. ಆದಾಗ ವಿಪರೀತ ರಕ್ತ ಹೋಗುತ್ತದೆ. ರಾತ್ರಿ ಮೂರಕ್ಕೆ ಎದ್ದು ಕೂರುತ್ತಾಳೆ. ಸಣ್ಣದಕ್ಕೂ ರೇಗುತ್ತಾಳೆ, ಆಮೇಲೆ ಅಳುತ್ತಾಳೆ. ನಿನಗೆ ಇವೆಲ್ಲ ಬೇರೆ ಬೇರೆ ತೊಂದರೆ ಅನ್ನಿಸಿದೆ. ಇವು ಒಂದೇ ಬೇರಿನಿಂದ ಬಂದಿರುವ ಸಾಧ್ಯತೆ ಜಾಸ್ತಿ. ಇದನ್ನು ಪೆರಿಮೆನೋಪಾಸ್ ಅನ್ನುತ್ತಾರೆ. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ವರ್ಷಗಳು. ಹೆಚ್ಚಿನವರಿಗೆ ನಾಲ್ಕೈದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಯುರೋಪು, ಅಮೆರಿಕದಲ್ಲಿ 51ರ ಆಸುಪಾಸು. ಹಾಗಾಗಿ ನಮ್ಮಲ್ಲಿ 42–43ಕ್ಕೇ ಏರುಪೇರು ಶುರುವಾದರೆ ಆಶ್ಚರ್ಯವಿಲ್ಲ. 40ಕ್ಕೂ ಮುಂಚೆ ನಿಂತರೆ ಮಾತ್ರ ಅದು ಬೇರೆ ವಿಷಯ, ತಪ್ಪದೆ ತೋರಿಸಬೇಕು.

ಅಷ್ಟೊಂದು ರಕ್ತ ಯಾಕೆ ಹೋಗುತ್ತದೆ ಅಂತ ಕೇಳಿದ್ದೆಯಲ್ಲ. ಪ್ರತಿ ತಿಂಗಳೂ ಅಂಡಾಶಯದಿಂದ ಮೊಟ್ಟೆ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರುತ್ತದೆ. ಗರ್ಭಕೋಶದ ಒಳಪದರವನ್ನು ಹದದಲ್ಲಿ ಇಡುವುದು ಅದರ ಕೆಲಸ. ಈ ವಯಸ್ಸಿನಲ್ಲಿ ಕೆಲವು ತಿಂಗಳು ಮೊಟ್ಟೆಯೇ ಬಿಡುಗಡೆಯಾಗುವುದಿಲ್ಲ. ಒಳಪದರವನ್ನು ಬೆಳೆಸುವ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಮಾತ್ರ ಮನಸ್ಸಿಗೆ ಬಂದ ಹಾಗೆ ಏರಿ ಇಳಿಯುತ್ತದೆ. ಒಳಪದರ ದಪ್ಪವಾಗುತ್ತಾ ಹೋಗಿ, ಒಂದು ದಿನ ಒಟ್ಟಿಗೆ ಕಳಚಿಕೊಳ್ಳುತ್ತದೆ. ಗಡ್ಡೆ ಗಡ್ಡೆ ರಕ್ತ ಹೋಗುವುದು ಆಗಲೇ.

ಹಾಗಂತ ವಯಸ್ಸಿನದ್ದು ಬಿಡು ಅನ್ನುವ ಹಾಗೂ ಇಲ್ಲ. ಗಂಟೆಗೊಂದು ಪ್ಯಾಡ್ ಬದಲಾಯಿಸುವ ಹಾಗಾದರೆ, ತಲೆ ಸುತ್ತಿದರೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಇಲ್ಲದಿದ್ದರೆ ಈ ವಾರದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ, ಕ್ಯಾನ್ಸರ್ ಅಲ್ಲದ ಗಡ್ಡೆ ಇದೆಯೇ, ಒಳಪದರ ಎಷ್ಟು ದಪ್ಪ ಇದೆ ಅಂತ ಅದರಲ್ಲಿ ಗೊತ್ತಾಗುತ್ತದೆ. 45 ದಾಟಿದವರಿಗೆ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿ ಎಂದು ಡಾಕ್ಟರು ಹೇಳಬಹುದು. ಹೆದರಬೇಡಿ, ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದು ಬೇಕು. ದುಬಾರಿ ಹಾರ್ಮೋನ್ ಟೆಸ್ಟುಗಳ ಉದ್ದ ಪಟ್ಟಿ ಮಾತ್ರ ಈ ವಯಸ್ಸಿಗೆ ಸಾಮಾನ್ಯವಾಗಿ ಬೇಕಿಲ್ಲ. ಇವತ್ತು ಒಂದು ಅಂಕಿ, ಮುಂದಿನ ವಾರ ಇನ್ನೊಂದು ಅಂಕಿ ಬರುತ್ತದೆ.

ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನರಿಗೆ ಅದು ಇದೆ. ಸುಸ್ತು, ಸಿಡುಕು, ಎದೆ ಡವಡವ, ಕೂದಲು ಉದುರುವುದು, ಇದರಲ್ಲಿ ಎಷ್ಟೋ ಭಾಗ ಬರೀ ಕಬ್ಬಿಣದ ಕೊರತೆಯಿಂದ ಬಂದಿರುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಟೀ ಜೊತೆಗೆ ತೆಗೆದುಕೊಳ್ಳಬಾರದು, ನಿಂಬೆ ಪಾನಕದ ಜೊತೆಗಾದರೆ ಒಳ್ಳೆಯದು.

ಇನ್ನು ರಕ್ತಸ್ರಾವಕ್ಕೆ ಔಷಧಿ. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಪ್ರೊಜೆಸ್ಟರಾನ್ ಮಾತ್ರೆಗಳಿವೆ. ಕಾಪರ್-ಟಿ ತರಹವೇ ಒಳಗೆ ಹಾಕುವ, ಹಾರ್ಮೋನ್ ಇರುವ ಸಾಧನವೂ ಇದೆ. ಒಂದು ಸಲ ಹಾಕಿಸಿದರೆ 5 ವರ್ಷ ನಡೆಯುತ್ತದೆ, ಬಹಳ ಜನರಿಗೆ ರಕ್ತಸ್ರಾವ ಗಣನೀಯವಾಗಿ ಇಳಿಯುತ್ತದೆ. ಯಾವುದು ಸರಿ ಅಂತ ಡಾಕ್ಟರೇ ಹೇಳಬೇಕು. ಆದರೆ ಇವುಗಳ ಬಗ್ಗೆ ಒಂದು ಮಾತೂ ಆಡದೆ ನೇರ ಆಪರೇಷನ್ ಅಂದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಕಲಬುರಗಿ ಭಾಗದ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶ ವಿನಾಕಾರಣ ತೆಗೆದ ಸುದ್ದಿ ನೀನೂ ಓದಿರುತ್ತೀಯ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಇಂಥ ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು 3 ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆ ಇದ್ದು ಔಷಧಿಗೆ ಬಗ್ಗದಿದ್ದರೆ ತೆಗೆಸಲೇಬೇಕಾಗಬಹುದು. ಆಗಲೂ ಒಂದು ಪ್ರಶ್ನೆ ಮರೆಯದೆ ಕೇಳು: ‘ಅಂಡಾಶಯ ಉಳಿಸ್ತೀರಾ?’ ಎರಡೂ ಅಂಡಾಶಯ ತೆಗೆದರೆ, ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಒಂದೇ ದಿನಕ್ಕೆ ನಿಲ್ಲುತ್ತದೆ. ಸೆಕೆ, ನಿದ್ರೆಗೇಡು ಎಲ್ಲ ಇನ್ನೂ ಜೋರಾಗಿ ಬರುತ್ತವೆ. ಚಿಕ್ಕ ವಯಸ್ಸಿನಲ್ಲಿ ಹೀಗಾದರೆ ಮೂಳೆಗೂ ಹೃದಯಕ್ಕೂ ತೊಂದರೆ.

ರಾತ್ರಿ ಎದ್ದು ಕೂರುತ್ತಾಳೆ ಅಂದೆಯಲ್ಲ, ಬೆವತಿರುತ್ತಾಳಾ ಅಂತ ಕೇಳು. ಹಾಟ್ ಫ್ಲಶ್ ಅನ್ನುವುದು ಗಂಡಸರಿಗೆ ಹೇಳಿದರೂ ತಿಳಿಯುವುದು ಕಷ್ಟ. ನನಗೆ ಹೀಗಾಗುತ್ತಿತ್ತು. ಒಲೆ ಮುಂದೆ ನಿಂತು ದೋಸೆ ಹಾಕುತ್ತಿರುತ್ತೇನೆ. ಎದೆಯ ಹತ್ತಿರ ಒಂದು ಬಿಸಿ ಹುಟ್ಟಿ ಕುತ್ತಿಗೆ, ಕಿವಿ, ನೆತ್ತಿವರೆಗೆ ಏರುತ್ತದೆ. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟುತ್ತದೆ, ಬ್ಲೌಸ್ ಬೆನ್ನಿಗೆ ಅಂಟಿಕೊಳ್ಳುತ್ತದೆ. ದೋಸೆ ಮಗುಚುವಷ್ಟರಲ್ಲಿ ಇಳಿದುಹೋಗಿ ಮೈ ನಡುಗುವಷ್ಟು ಚಳಿ. ಮಿದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಒಂದು ಭಾಗವಿದೆ. ಈಸ್ಟ್ರೋಜನ್ ಏರಿಳಿದಾಗ ಅದಕ್ಕೆ ತಾಳಿಕೆ ಕಡಿಮೆಯಾಗುತ್ತದೆ. ಚೂರು ಬಿಸಿಯಾದರೂ ಸಾಕು, ಮೈ ತಣ್ಣಗಾಗಿಸಲು ಹೊರಡುತ್ತದೆ. ಇಂಥದ್ದು ರಾತ್ರಿಯೆಲ್ಲ ಮತ್ತೆ ಮತ್ತೆ ಆದವಳು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿ ಕೆಲಸಕ್ಕೆ ಹೋಗಬೇಕು. ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳು?

ತೆಳು ಹತ್ತಿಯ ಬಟ್ಟೆ, ಫ್ಯಾನು, ಸಂಜೆಯ ಮೇಲೆ ಕಾಫಿ ಬಿಡುವುದು, ಖಾರ ಕಡಿಮೆ ಮಾಡುವುದು, ಇವುಗಳಿಂದ ಕೆಲವರಿಗೆ ಅನುಕೂಲವಾಗುತ್ತದೆ. ಸಾಲದಿದ್ದರೆ ಹಾರ್ಮೋನ್ ಚಿಕಿತ್ಸೆ ಇದೆ. ಆ ಹೆಸರು ಕೇಳಿದರೆ ಕ್ಯಾನ್ಸರ್ ಅಂತ ಎಲ್ಲರೂ ಹೆದರುತ್ತಾರೆ. ಆ ಭಯ ಹರಡಿದ್ದು ಮುಖ್ಯವಾಗಿ 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಎರಡು ಹಾರ್ಮೋನು ಸೇರಿಸಿ ತೆಗೆದುಕೊಂಡವರಲ್ಲಿ, ವರ್ಷಕ್ಕೆ 10,000 ಜನರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು. 60ರೊಳಗಿನ, ಬೇರೆ ಕಾಯಿಲೆ ಇಲ್ಲದ, ತೊಂದರೆ ಜಾಸ್ತಿ ಇರುವ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಅಪಾಯಕ್ಕಿಂತ ಉಪಯೋಗವೇ ದೊಡ್ಡದು ಅಂತ ಈಗ ತಜ್ಞರು ಹೇಳುತ್ತಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರಿಗೆ ಇದು ಬೇಡ. ಅವಳಿಗೆ ಮೊದಲು ತಪಾಸಣೆ ಆಗಲಿ ಅಂದದ್ದು ಅದಕ್ಕೂ ಸೇರಿ. ಹಾರ್ಮೋನ್ ಬೇಡದವರಿಗೆ ಬೇರೆ ಮಾತ್ರೆಗಳೂ ಇವೆ.

ನೀನು ಕೇಳದೇ ಬಿಟ್ಟ ವಿಷಯ ನಾನೇ ಎತ್ತುತ್ತೇನೆ. ಅವಳು ದೂರ ಮಲಗಿದರೆ ಪ್ರೀತಿ ಕಡಿಮೆಯಾಯ್ತು ಅಂದುಕೊಳ್ಳಬೇಡ. ಯೋನಿಯ ಒಣಗುವಿಕೆಯಿಂದ ನೋವಾಗುತ್ತದೆ, ಉರಿಮೂತ್ರವೂ ಪದೇ ಪದೇ ಬರುತ್ತದೆ. ಅದಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಜೊತೆಗೆ, ಮುಟ್ಟು ತಪ್ಪುತ್ತಿದೆ ಅಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಅಂತೇನಿಲ್ಲ. ಮಕ್ಕಳಾಗದ ಹಾಗೆ ಆಪರೇಷನ್ ಆಗಿಲ್ಲದಿದ್ದರೆ ಎಚ್ಚರ ಇರಲಿ. ಸತತ 12 ತಿಂಗಳು ಮುಟ್ಟಿಲ್ಲದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಆಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಹೋಗಬೇಕು.

ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, ಒಂದು ದಿನವೂ ಕಾಯಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ರಾಗಿ ಮುದ್ದೆ ಬಿಡಬೇಡಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಾ ನಡೆಯಲಿ, ಒಂದಷ್ಟು ಭಾರವನ್ನೂ ಎತ್ತಲಿ, ಮೂಳೆಗೆ ಬೇಕು.

ಈಗ ನಿನ್ನ ಕೆಲಸ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಮುಟ್ಟಾದ ದಿನ, ಎಷ್ಟು ಪ್ಯಾಡ್, ಯಾವ ರಾತ್ರಿ ನಿದ್ರೆ ಇಲ್ಲ, ಇಷ್ಟನ್ನು ಅವಳು ಪೆನ್ನಿನಲ್ಲಿ ಗುರುತು ಹಾಕಲಿ. ಡಾಕ್ಟರ ಹತ್ತಿರ ಹೋಗುವಾಗ ಅದರ ಫೋಟೋ ಇರಲಿ. ನೀನೂ ಒಳಗೆ ಹೋಗು, ಆದರೆ ಮಾತು ಅವಳೇ ಆಡಲಿ. ಅಮ್ಮನಿಗೆ ನೀನೇ ಹೇಳು, ಅವಳ ಕೈಲಿ ಹೇಳಿಸಬೇಡ. ಬೆಳಗಿನ ಡಬ್ಬಿ ಕಟ್ಟುವುದು ಇನ್ನು ಮೇಲೆ ನಿನ್ನದಾಗಲಿ. ಅವಳು ರೇಗಿದಾಗ ‘ಮತ್ತೆ ಶುರುವಾಯ್ತಾ ನಿಂದು’ ಅನ್ನಬೇಡ.

ನನ್ನ ನಂಬರು ಅವಳಿಗೆ ಕೊಡು. ಮಧ್ಯಾಹ್ನ ಎರಡರ ಮೇಲೆ ಬಿಡುವಾಗಿರುತ್ತೇನೆ. ಸ್ಕ್ಯಾನಿಂಗ್ ರಿಪೋರ್ಟ್ ಬಂದ ತಕ್ಷಣ ಇಬ್ಬರೂ ಫೋನ್ ಮಾಡಿ.

ನಿನ್ನ ಹಳೆಯ ಗೆಳತಿ