ಸಿಸೇರಿಯನ್ ಕೂಡ ಆಪರೇಷನ್ನೇ

ಮಾನ್ಯ ಸಂಪಾದಕರೇ,

ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ತೂತು ಹಾಕಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಸಣ್ಣ ತೂತು, ಕಡಿಮೆ ನೋವು, ಬೇಗ ಮನೆಗೆ. ಎಲ್ಲ ನಿಜ. ಆದರೆ ಆ ತೂತು ಹಾಕುವುದು ಹೇಗೆ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ನಾನು 28 ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಎಷ್ಟೇ ಹರಟುವ ಸರ್ಜನ್ ಆದರೂ ಮಾತು ನಿಲ್ಲಿಸುತ್ತಿದ್ದದ್ದು ಆ ಹೊತ್ತಿನಲ್ಲಿ.

ಕ್ಯಾಮೆರಾ ಒಳಗೆ ಹೋದ ಮೇಲೆ ಎಲ್ಲ ಪರದೆಯಲ್ಲಿ ಕಾಣುತ್ತದೆ. ಅದಕ್ಕೂ ಮೊದಲು ಹೊಕ್ಕುಳಿನ ಹತ್ತಿರ ಚುಚ್ಚುವ ವೆರೆಸ್ ಸೂಜಿ ಮಾತ್ರ ಕೈ ಅಂದಾಜಿನದ್ದು. ಅದರೊಳಗೆ ಸ್ಪ್ರಿಂಗ್ ಇದೆ. ಹೊಟ್ಟೆಯ ಗೋಡೆ ದಾಟಿದ ಕೂಡಲೇ ಮೊಂಡು ತುದಿ ಟಕ್ ಅಂತ ಮುಂದೆ ಬಂದು ಕರುಳಿಗೆ ಚುಚ್ಚದಂತೆ ಕಾಯುತ್ತದೆ. (ಹಂಗೇರಿಯ ಡಾಕ್ಟರ್ ವೆರೆಸ್ ಇದನ್ನು ಮಾಡಿದ್ದು ಹೊಟ್ಟೆಗಲ್ಲ, ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ಬಿಡಲು!) ಆಮೇಲೆ ಆ ಸೂಜಿಯ ಮೂಲಕ ಹೊಟ್ಟೆಯೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದಷ್ಟು. ಹೊಟ್ಟೆ ಗುಡಾಣದಂತೆ ಉಬ್ಬಿ, ಟ್ರೋಕಾರ್ (ಕ್ಯಾಮೆರಾ, ಉಪಕರಣ ಹಾಯಿಸುವ ಕೊಳವೆ) ಇಳಿಸಲು ಜಾಗವಾಗುತ್ತದೆ.

ಇನ್ನು ಕೆಲವರದ್ದು 1971ರಲ್ಲಿ ಡಾಕ್ಟರ್ ಹ್ಯಾಸನ್ ತೋರಿಸಿಕೊಟ್ಟ ದಾರಿ. ಸೂಜಿ ಇಲ್ಲ. ಸ್ವಲ್ಪ ಕೊಯ್ದು, ಪದರ ಪದರವಾಗಿ ಕಣ್ಣಾರೆ ನೋಡುತ್ತಾ ಮೊಂಡು ಕೊಳವೆ ಇಳಿಸುತ್ತಾರೆ. ಯಾವುದು ಮೇಲು ಅಂತ ಡಾಕ್ಟರುಗಳು ಜಗಳವಾಡಿದ್ದನ್ನು ಬೇಕಾದಷ್ಟು ಕೇಳಿದ್ದೇನೆ. ನನ್ನ ಪ್ರಕಾರ ಅವರವರ ಕೈ ಪಳಗಿದ್ದೇ ಮೇಲು.

ನಾನು ಹೇಳಬೇಕಾದದ್ದು ಬೇರೆ. ಪಿತ್ತಕೋಶದ ಕಲ್ಲಿಗೆ ಬಂದಿದ್ದ ಒಬ್ಬಾಕೆಯನ್ನು "ಹಿಂದೆ ಆಪರೇಷನ್ ಆಗಿದೆಯಾ?" ಅಂತ ಕೇಳಿದರೆ "ಇಲ್ಲ" ಅಂದರು. ಥಿಯೇಟರಿನ ಗೌನ್ ಹಾಕಿಸುವಾಗ ನೋಡುತ್ತೇನೆ, ಹೊಕ್ಕುಳಿನ ಕೆಳಗೆ ಉದ್ದಕ್ಕೆ ಹೊಲಿಗೆಯ ಗುರುತು! "ಅದು ಹೆರಿಗೆ ಅಲ್ವಾ ಸಿಸ್ಟರ್, ಅದನ್ನೂ ಹೇಳಬೇಕಾ?" ಎರಡು ಸಿಸೇರಿಯನ್ ಆಗಿತ್ತು. ಓಡಿಹೋಗಿ ಸರ್ಜನ್‌ಗೆ ಹೇಳಿದೆ. ಅವರು ಹೊಕ್ಕುಳು ಬಿಟ್ಟು, ಎಡಗಡೆ ಪಕ್ಕೆಲುಬಿನ ಕೆಳಗೆ ಸೂಜಿ ಹಾಕಿದರು. ಕ್ಯಾಮೆರಾ ಇಳಿಸಿದಾಗ ನೋಡಿದರೆ, ಹಳೆಯ ಆಪರೇಷನ್ನಿನಿಂದಾಗಿ ಕರುಳಿನ ಒಂದು ಸುರುಳಿ ಹೊಕ್ಕುಳಿನ ಒಳಬದಿಗೇ ಅಂಟಿಕೊಂಡಿತ್ತು. ಸೂಜಿ ಮೊದಲು ಹೋಗಬೇಕಿದ್ದದ್ದು ಅಲ್ಲಿಗೇ.

ಮುಂದಿನ ಸಲ ಇಂಥ ಲೇಖನ ಹಾಕುವಾಗ ಒಂದು ಮಾತು ಸೇರಿಸಿ: ಸಿಸೇರಿಯನ್, ಸಂತಾನಹರಣ, ಹರ್ನಿಯಾ, ಚಿಕ್ಕಂದಿನ ಅಪೆಂಡಿಕ್ಸ್, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ನೆನಪಿಲ್ಲದಿದ್ದರೆ ಹೊಟ್ಟೆ ಮೇಲಿನ ಗುರುತನ್ನಾದರೂ ತೋರಿಸಿ.

– ಒಬ್ಬ ನಿವೃತ್ತ ನರ್ಸ್