ವರದೆಯ ದಂಡೆಯಿಂದ ಮಗಳಿಗೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಮೇ ತಿಂಗಳಲ್ಲಿ ನೀನು ಊಟಕ್ಕೂ ಕೂರದೆ ಕೂಸನ್ನು ಎತ್ತಿಕೊಂಡು ಹಾವೇರಿಯ ಬಸ್ಸು ಹತ್ತಿದ ದಿನದಿಂದ ಈ ಪತ್ರವನ್ನು ಮನಸ್ಸಿನಲ್ಲಿಯೇ ಬರೆಯುತ್ತಿದ್ದೇನೆ. ಹೊಳೆಯ ದಂಡೆಯಲ್ಲಿ ನಾವು ಆಡಿದ ಮಾತುಗಳನ್ನು ಮತ್ತೆ ಎತ್ತುವುದಿಲ್ಲ. ಆದರೆ ಹೋಗುವಾಗ ನೀನು, "ಏಳು ವರ್ಷಕ್ಕ ನನ್ನ ಕೈಯಾಗ ಗಾಳ ಕೊಟ್ಟಾಕಿ ನೀನ, ಈಗ ನನ್ನ ಮಗಳ ಕೈಯಾಗಿಂದ ಯಾಕ ಕಸಗೊಂಡಿ?" ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಕೊಡಬೇಕಾಗಿದೆ.

ನೀನು ಮಡುವಿಗೆ ಜಾರಿ ಬಿದ್ದ ದಿನವನ್ನು, ಅವ್ವ ಉಟ್ಟ ಸೀರೆಯಲ್ಲೇ ಹಾರಿ ಎಳೆದು ತಂದದ್ದನ್ನು ನೀನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತೀ. ನಿನ್ನ ಮದುವೆಯಲ್ಲಿ ಬೀಗರ ಎದುರಿಗೂ ಹೇಳಿದೆ. ನಾನು ತಲೆ ತಗ್ಗಿಸಿ ಎಲೆ ಅಡಿಕೆ ಜೋಡಿಸುತ್ತ ಕುಳಿತಿದ್ದೆ. ನೀನು ಹೇಳುವುದು ಸುಳ್ಳಲ್ಲ. ಆದರೆ ನಾನು ಹಾರುವುದಕ್ಕಿಂತ ಮೊದಲು ಒಂದು ಗಳಿಗೆ ಇತ್ತು, ಅದು ನಿನಗೆ ಗೊತ್ತಿಲ್ಲ.

ಆ ಹೊತ್ತಿಗೆ ನನ್ನ ಗಾಳಕ್ಕೆ ಬಾಳೆ ಮೀನು ಬಿದ್ದಿತ್ತು. ಸಣ್ಣ ಮೀನೊಂದನ್ನು ಗಾಳಕ್ಕೆ ಚುಚ್ಚಿ ನಸುಕಿನಿಂದ ಕಾದಿದ್ದೆ. ಜೋಳದ ದಂಟಿನ ಬೆಂಡು ಮೊದಲು ಓರೆಯಾಗಿ ಸರಿಯಿತು, ಆಮೇಲೆ ಒಮ್ಮೆಲೇ ಮುಳುಗಿತು, ಕೋಲು ಬಾಗಿತು. ಉದ್ದನೆಯ ಮೀಸೆ, ಅಗಲವಾದ ಬಾಯಿ, ಹುರುಪೆಯಿಲ್ಲದ ನುಣುಪು ಮೈ ನೀರಿನ ಮೇಲೆ ಒಮ್ಮೆ ಕಂಡು ಮರೆಯಾಯಿತು. ಆಗ ನೀನು "ಅವ್ವಾ" ಎಂದು ಕೂಗಿದೆ. ನನಗೆ ಕೇಳಿಸಿತು. ಕೇಳಿಸಿದರೂ ನಾನು ಕೋಲು ಬಿಡಲಿಲ್ಲ. ಎರಡನೆಯ ಸಲ ಕೂಗಿದ್ದು ಅರ್ಧಕ್ಕೇ ನಿಂತಾಗ ನನಗೆ ಎಚ್ಚರವಾಯಿತು. ಕೋಲು ಮೀನಿನ ಜೊತೆಯಲ್ಲಿಯೇ ಗಳಗನಾಥದ ಕಡೆಗೆ ತೇಲಿಹೋಯಿತು. ಒಂದು ಉಸಿರಿನಷ್ಟು ಹೊತ್ತಾಗಿರಬಹುದು, ಎರಡು ಉಸಿರಿನಷ್ಟೂ ಆಗಿರಬಹುದು. ಇಷ್ಟು ವರ್ಷ ಅದನ್ನೇ ಅಳೆಯುತ್ತಿದ್ದೇನೆ. ಪಕ್ಕದ ಮನೆಯ ಕೂಸು ಅಳುತ್ತಿದ್ದದ್ದು ಥಟ್ಟನೆ ನಿಲ್ಲಿಸಿದರೆ ಇವತ್ತಿಗೂ ನನ್ನ ಎದೆ ಹಾರುತ್ತದೆ. ಇದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ.

ಆದರೂ ವಾರ ಕಳೆಯುವುದರೊಳಗೆ ನೀನು ಎರೆಹುಳುವಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನಾನು ಕರೆದುಕೊಂಡು ಹೋದೆ. ಹೆಣ್ಣುಮಗಳಿಗೆ ಮೀನಿನ ಓದು ಏಕೆ ಎಂದು ಓಣಿಯವರು ಆಡಿಕೊಂಡರೂ ನೀನು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಹೋದೆ. ಅದು 1969ರಲ್ಲಿ ಆರಂಭವಾದ, ದೇಶದಲ್ಲಿಯೇ ಮೊದಲನೆಯ ಮೀನುಗಾರಿಕೆ ಕಾಲೇಜು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೇನೆ. ಹರಿಯುವ ಹೊಸ ನೀರಿಲ್ಲದೆ ರೋಹು, ಕಾಟ್ಲಾ ತತ್ತಿ ಬಿಡುವುದಿಲ್ಲ, ಅವಕ್ಕೆ ಚುಚ್ಚುಮದ್ದು ಕೊಟ್ಟು ಕೊಳದಲ್ಲಿಯೇ ತತ್ತಿ ಬಿಡಿಸುವ ದಾರಿಯನ್ನು ನಮ್ಮ ದೇಶದಲ್ಲಿ 1957ರಲ್ಲಿ ಕಂಡುಕೊಂಡರು ಎಂದು ನೀನು ಒಲೆಯ ಮುಂದೆ ಕುಳಿತು ಹೇಳಿದ ರಾತ್ರಿ, ಮುಂಗಾರಿಗೆ ಮೀನು ಏರುವುದನ್ನು ಹುಟ್ಟಿದಾಗಿನಿಂದ ಕಂಡರೂ ಏಕೆ ಏರುತ್ತವೆ ಎಂದು ಒಮ್ಮೆಯೂ ಕೇಳದಿದ್ದ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದೆ.

ಆದರೆ ಹೊಳೆ ಈಗ ಅದೇ ಹೊಳೆಯಲ್ಲ ಮಗಳೇ. ಮೊದಲು ಮಡುವು ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಉಳಿದ ಕಡೆ ನೀರು ಮೊಣಕಾಲು, ಸೊಂಟ, ಎದೆ ಎಂದು ತಿಳಿಸಿಯೇ ಏರುತ್ತಿತ್ತು. ಈಗ ಉಸುಕು ತೆಗೆದ ಗುಂಡಿಗಳು ಎಲ್ಲಿವೆಯೋ ತೆಗೆದವರಿಗೇ ಗೊತ್ತು. ಮೇಲೆ ಮೊಣಕಾಲು ನೀರಿನಂತೆ ಕಂಡದ್ದು ಇನ್ನೊಂದು ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತದೆ. ಕೂಸನ್ನು ಕರೆದೊಯ್ಯುವ ಮೊದಲು ಗಳ ಹಾಕಿ ಆಳ ನೋಡು. ಕುಸಿದ ದಂಡೆಯ ಅಂಚಿನಲ್ಲಿ ನಿಲ್ಲಿಸಬೇಡ. ಅವಳ ಸೊಂಟಕ್ಕೆ ಹಗ್ಗ ಕಟ್ಟು, ಯಾರು ನಕ್ಕರೂ ಬಿಚ್ಚಬೇಡ. ಮೊದಲು ಈಜು ಕಲಿಸು. ಅವಳು ಜೊತೆಯಲ್ಲಿರುವಾಗ ನೀನು ಗಾಳ ಹಾಕಲೇಬೇಡ. ನೀನು ಓದಿದವಳು, ಇದೆಲ್ಲ ನಿನಗೆ ತಿಳಿಯದ್ದಲ್ಲ. ಆದರೂ ಬರೆಯದೆ ಇರಲಾರೆ.

ಎಲ್ಲರ ಎದುರು ನಿನ್ನನ್ನು ಎಚ್ಚರಗೇಡಿ ಎಂದದ್ದು ನನ್ನ ತಪ್ಪು. ಆ ಮಾತನ್ನು ನನಗೆ ನಾನು ಹೇಳಿಕೊಳ್ಳಬೇಕಾಗಿತ್ತು, ನಿನಗೆ ಹೇಳಿದೆ. ನನ್ನನ್ನು ಕ್ಷಮಿಸು. ಕೂಸಿನ ಗಾಳವನ್ನು ಮುರಿದು ಹಾಕಿದ್ದಕ್ಕೂ ಕ್ಷಮಿಸು ಎಂದು ಅವಳಿಗೆ ಹೇಳು.

ಪಂಚಮಿಗೆ ತಪ್ಪದೆ ಬಾ. ಆಗ ಹೊಳೆ ತುಂಬಿರುತ್ತದೆ, ಆ ಕಡೆ ಹಾಯುವುದು ಬೇಡ. ಊರ ಕೆರೆಯನ್ನು ಗುತ್ತಿಗೆ ಹಿಡಿದವರನ್ನು ಕೇಳಿದ್ದೇನೆ, ಒಂದು ಗಾಳಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ. ಕೂಸಿನ ಅಳತೆಗೆ ಒಂದು ಬಿದಿರಿನ ಕೋಲು ಕಡಿಸಿ ಅಟ್ಟದ ಮೇಲೆ ಒಣಗಲು ಇಟ್ಟಿದ್ದೇನೆ. ನೀನೇ ಅವಳಿಗೆ ಕಲಿಸು. ನಾನು ಬರಿಗೈಯಲ್ಲಿ ಅವಳ ಪಕ್ಕದಲ್ಲಿ ಕೂರುತ್ತೇನೆ.

ನಿನ್ನ ಅವ್ವ